ಮದುವೆ ಮನೆಯಲ್ಲಿ ‘ಓದಿಸುವುದು’ ಏನನ್ನು?

ಮುಳಬಾಗಿಲ ಹುಣಸೆ

ಹೋದ ಭಾನುವಾರ ನಮ್ಮ ಸೋದರತ್ತೆಯ ಮಗನ ಮದುವೆ. ಊಟ ಮುಗಿಸಿ ಕವರ್ ಕೊಡುವ ಸಾಲಿನಲ್ಲಿ ನಿಂತಿದ್ದೆವು. ಹಿಂದಿನಿಂದ ಅಮ್ಮ ಮೆಲ್ಲಗೆ, ‘ಎಷ್ಟು ಓದಿಸುತ್ತಿದ್ದೀಯ?’ ಎಂದು ಕೇಳಿದರು. ‘ಸಾವಿರದ ಒಂದು’ ಎಂದೆ. ನಾಲ್ಕನೇ ತರಗತಿಯ ಮಗಳು ನನ್ನ ಅಂಗಿ ಎಳೆದು, ‘ಅಪ್ಪಾ, ಆ ಮಾಮನಿಗೆ ಮದುವೆಯೇ ಆಗಿಹೋಯಿತಲ್ಲ, ಇನ್ನೂ ಯಾಕೆ ಓದಿಸಬೇಕು?’ ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ.

ಮಗುವನ್ನು ಓದಿಸುವುದು, ಮದುವೆಗೆ ಮುಯ್ಯಿ ಓದಿಸುವುದು, ಇವೆರಡೂ ಒಂದೇ ಪದವೇ? ಇಲ್ಲ, ಉಚ್ಚಾರ ಮಾತ್ರ ಕೂಡಿಬಂದ ಎರಡು ಬೇರೆ ಪದಗಳೇ? ಧಾರವಾಡ ಕಡೆಯ ಗೆಳೆಯನೊಬ್ಬನಿಗೆ ಕೇಳಿದೆ. ‘ನಾವು ಆಯೇರಿ ಮಾಡುತ್ತೇವೆ, ಓದಿಸುವುದೆಲ್ಲ ನಿಮ್ಮ ಕಡೆಯದು’ ಎಂದು ಕೈತೊಳೆದುಕೊಂಡ. ಬಲ್ಲವರು ಹೇಳಿ.

ಪಾವಗಡದ ಬಿಸಿಲು

ನಮ್ಮಲ್ಲೂ ಓದಿಸುವುದೇ. ಮನೆಯಲ್ಲಿ ತೆಲುಗು ಆಡುವವರು ‘ಚದಿವಿಂಪುಲು’ ಎನ್ನುತ್ತಾರೆ. ‘ಚದುವು’ ಎಂದರೆ ಓದು, ‘ಚದಿವಿಂಚು’ ಎಂದರೆ ಓದಿಸು. ಮಗನನ್ನು ಕಾಲೇಜಿಗೆ ಕಳುಹಿಸುವುದೂ ಚದಿವಿಂಚುವುದೇ, ಮದುವೆಯಲ್ಲಿ ಐನೂರು ಕೊಡುವುದೂ ಚದಿವಿಂಚುವುದೇ. ಎರಡು ಭಾಷೆಗಳಲ್ಲಿ ಉಚ್ಚಾರವೇ ಬೇರೆಯಾದ ಎರಡು ಪದಗಳು, ಆದರೂ ಎರಡಕ್ಕೂ ಅದೇ ಜೋಡಿ ಅರ್ಥ. ಹಾಗಾಗಿ ಉಚ್ಚಾರ ಕಾಕತಾಳೀಯವಾಗಿ ಕೂಡಿತು ಎನ್ನುವ ಮಾತು ನಿಲ್ಲುವುದಿಲ್ಲ. ಯಾರು ಯಾರಿಂದ ಪಡೆದರು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಒಂದು ಭಾಷೆ, ಅಮ್ಮ ಇನ್ನೊಂದು. ಆ ಜಗಳ ಬೇರೆ ವಿಷಯಗಳಿಗೇ ಸಾಕಷ್ಟಿದೆ.

ಶ್ರೀನಿವಾಸಪುರದ ಮಾವು

ಈಗಿನವರಿಗೆ ಕವರ್ ಮಾತ್ರ ಗೊತ್ತು, ಅದಕ್ಕೇ ಗೊಂದಲ. ನಾನು ಚಿಕ್ಕವಳಿದ್ದಾಗ ಚಪ್ಪರದ ಮದುವೆಗಳಲ್ಲಿ ಮುಯ್ಯಿಯನ್ನು ನಿಜವಾಗಿಯೂ ಓದುತ್ತಿದ್ದರು. ಧಾರೆಯಾದ ಮೇಲೆ ಹಸೆಮಣೆಯ ಮುಂದೆ ಚಾಪೆ ಹಾಸಿ, ಅದರ ಮೇಲೆ ಒಂದು ಹಿತ್ತಾಳೆ ತಟ್ಟೆ ಇಡುತ್ತಿದ್ದರು. ಒಬ್ಬರು ಉದ್ದನೆಯ ಲೆಕ್ಕದ ಪುಸ್ತಕ ಹಿಡಿದು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅವರ ಪಕ್ಕದಲ್ಲಿ ದೊಡ್ಡ ಗಂಟಲಿನ ಇನ್ನೊಬ್ಬರು. ಬಂಧುಗಳು ಒಬ್ಬೊಬ್ಬರಾಗಿ ಬಂದು ತಟ್ಟೆಗೆ ಹಾಕಿದಂತೆ ಅವರು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು: ‘ಇಂಥ ಊರಿನ, ಇಂಥ ಮನೆಯ ಇಂಥವರು, ಹುಡುಗಿಯ ಸೋದರಮಾವ, ಐದು ರೂಪಾಯಿ, ಒಂದು ರವಿಕೆ ಕಣ!’ ಕೂಗಿದ್ದನ್ನೇ ಪುಸ್ತಕದವರು ಬರೆದುಕೊಳ್ಳುತ್ತಿದ್ದರು.

ನಮ್ಮ ದೊಡ್ಡಪ್ಪನದೇ ಆ ಗಂಟಲು. ಎರಡು ರೂಪಾಯಿ ಹಾಕಿದವರ ಹೆಸರನ್ನೂ ಇಪ್ಪತ್ತು ಹಾಕಿದವರ ಹೆಸರನ್ನೂ ಒಂದೇ ಏರುದನಿಯಲ್ಲಿ ಓದುತ್ತಿದ್ದರು. ಒಮ್ಮೆ ಯಾರೋ ಜಿಪುಣರ ಹೆಸರು ಬಂದಾಗ ಮಾತ್ರ ಮೊತ್ತದ ಮುಂದೆ ಒಂದು ಉಸಿರಿನಷ್ಟು ನಿಂತರು. ಹೆಂಗಸರ ಕಡೆಯಿಂದ ನಗು ಬಂತು. ಆ ಮನುಷ್ಯ ಊಟಕ್ಕೂ ನಿಲ್ಲಲಿಲ್ಲ.

ದೇವರಾಯನದುರ್ಗ

ಇದಕ್ಕೆಲ್ಲ ಇಷ್ಟು ದೂರ ಹೋಗಬೇಕಿಲ್ಲ. ಓದು ಎಂಬುದು ಸಂಸ್ಕೃತದ ‘ವದ್’ ಧಾತುವಿನಿಂದ ಬಂದದ್ದು. ವದ ಎಂದರೆ ಹೇಳು. ಒನಕೆಯನ್ನು ವನಕೆ ಎನ್ನುವ, ಒಡವೆಯನ್ನು ವಡವೆ ಎಂದು ಬರೆಯುವ ನಾಡು ನಮ್ಮದು. ವದ ಹೋಗಿ ಓದು ಆಗುವುದಕ್ಕೆ ಎಷ್ಟು ಹೊತ್ತು ಬೇಕು?

ಗೌರಿಬಿದನೂರಿನ ಮೇಷ್ಟ್ರು

ದೇವರಾಯನದುರ್ಗದವರೇ, ತಾವು ಕೊಟ್ಟ ಉದಾಹರಣೆಯೇ ತಮಗೆ ಅಡ್ಡ ಬರುತ್ತಿದೆ. ಒನಕೆ ಮೂಲ, ವನಕೆ ಉಚ್ಚಾರದ ಜಾರು. ಅಲ್ಲಿ ‘ಒ’ ಹೋಗಿ ‘ವ’ ಆಯಿತು. ತಾವು ಹೇಳುತ್ತಿರುವುದು ಇದರ ತಿರುವುಮುರುವು. ಅಷ್ಟು ಸಾಲದೆಂದು ಹ್ರಸ್ವ ದೀರ್ಘವೂ ಆಗಬೇಕು. ‘ವದ್’ ಕನ್ನಡಕ್ಕೆ ಬಂದದ್ದು ವಾದ, ಸಂವಾದ, ಅನುವಾದಗಳ ರೂಪದಲ್ಲಿ.

ಓದು ಅಚ್ಚ ದ್ರಾವಿಡ ಪದ. ತಮಿಳಿನಲ್ಲಿಯೂ ಅದೇ ಇದೆ. ಬರೆಯುವಾಗ ‘ತ’ಕಾರ, ಬಾಯಲ್ಲಿ ‘ದ’ಕಾರ. ಇದು ಒಂಟಿ ಪದವೂ ಅಲ್ಲ. ನಮ್ಮ ಊದು ಅವರಲ್ಲೂ ಊದು, ನಮ್ಮ ಮೋದು ಅವರಲ್ಲೂ ಮೋದು, ಅದೇ ಸಾಲಿನಲ್ಲಿ ಓದು. ತುಳುವಿನಲ್ಲಿ ಓದುನಿ. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಘಂಟಿನಲ್ಲಿ ಈ ಓದುಗಳೆಲ್ಲ ಒಂದೇ ಗುಂಪಿನಲ್ಲಿವೆ.

ಇನ್ನು ಅರ್ಥ. ಈಗ ನಾವು ಓದು ಎಂದರೆ ಕಣ್ಣಿನ ಕೆಲಸ ಎಂದುಕೊಂಡಿದ್ದೇವೆ. ಪದದ ಹುಟ್ಟು ಬಾಯಿಯಲ್ಲಿ. ಗಟ್ಟಿಯಾಗಿ ಹೇಳು, ಒಪ್ಪಿಸು, ಪಠಿಸು ಎಂಬುದು ಅದರ ಹಳೆಯ ತಿರುಳು. ಸಾಕ್ಷಿ ಬೇಕೆಂದರೆ ಬಸವಣ್ಣನವರ ಮಾತು ನೆನೆಯಿರಿ: ‘ಗಿಳಿಯೋದಿ ಫಲವೇನು, ಬೆಕ್ಕು ಬಹುದ ಹೇಳಲರಿಯದು’. ಗಿಳಿ ಯಾವ ತಾಳೆಗರಿ ಹಿಡಿದು ಓದೀತು? ಹನ್ನೆರಡನೆಯ ಶತಮಾನದಲ್ಲಿ ಗಿಳಿ ಓದುತ್ತಿತ್ತು ಎಂದರೆ ಅಕ್ಷರವಿಲ್ಲದೆಯೂ ಓದು ನಡೆಯುತ್ತಿತ್ತು ಎಂದಾಯಿತು. ಚಪ್ಪರದಲ್ಲಿ ಹೆಸರು ಕೂಗುವುದೂ ಆ ಜಾತಿಯ ಓದೇ. ಹುಣಸೆಯವರ ಅಮ್ಮ ಬಳಸಿದ್ದು ಬೇರೆ ಪದವಲ್ಲ. ಅದೇ ಪದದ ಹಳೆಯ ಮುಖ.

ಬಂಗಾರದ ಗಣಿ

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಮ್ಮದು ಕೆ.ಜಿ.ಎಫ್., ತಾತ ಗಣಿಯಲ್ಲಿದ್ದವರು, ಮನೆಮಾತು ತಮಿಳು. ಪುಸ್ತಕ ಓದುವುದಕ್ಕೆ, ಶಾಲೆಯಲ್ಲಿ ಓದುವುದಕ್ಕೆ ನಾವು ‘ಪಡಿ’ ಎನ್ನುತ್ತೇವೆ. ‘ಓದು’ ಎಂಬ ಪದವನ್ನು ಇಟ್ಟುಕೊಂಡಿರುವುದು ಮಂತ್ರಕ್ಕೆ, ಪಾರಾಯಣಕ್ಕೆ. ಶಿವನ ಗುಡಿಗಳಲ್ಲಿ ತೇವಾರ ಎಂಬ ಶಿವಸ್ತುತಿಗಳನ್ನು ಹಾಡುವವರಿಗೆ ಓದುವಾರ್ ಎಂದು ಹೆಸರು. ಕಿವಿಯಲ್ಲಿ ಗುಟ್ಟಾಗಿ ಏನನ್ನಾದರೂ ತುಂಬುವುದಕ್ಕೂ ‘ಕಾದಿಲ್ ಓದು’ ಎನ್ನುತ್ತೇವೆ. ಕನ್ನಡದ ಸಹಪಾಠಿಗಳು ಮೊದಲ ಬಾರಿಗೆ ‘ನೀನು ಎಷ್ಟನೇ ಕ್ಲಾಸ್ ಓದುತ್ತೀಯ’ ಎಂದು ಕೇಳಿದಾಗ, ಇವರ ಶಾಲೆಯಲ್ಲಿ ದಿನವೂ ಪೂಜೆ ಇರುತ್ತದೇನೋ ಎಂದುಕೊಂಡಿದ್ದೆ.

ತುರುವೇಕೆರೆ ತೆಂಗು

ಕಿವಿ ಊದುವುದು ಎನ್ನುತ್ತೇವಲ್ಲ, ಅದೂ ಇದೇ ಇರಬೇಕು!

ಗೌರಿಬಿದನೂರಿನ ಮೇಷ್ಟ್ರು

ಇಲ್ಲ. ಅದು ಊದು. ಕೊಳಲಿಗೂ ಒಲೆಗೂ ಊದುವ ಊದು. ಈಗಷ್ಟೇ ಎರಡನ್ನೂ ಬೇರೆ ಬೇರೆಯಾಗಿ ಬರೆದಿದ್ದೇನೆ.

ಚಿಂತಾಮಣಿ ಬೀದಿ

ನಮ್ಮ ಮನೆಯಲ್ಲಿ ಉರ್ದು. ನಮಾಜ್ ‘ಪಢನಾ’, ಪುಸ್ತಕವೂ ‘ಪಢನಾ’, ಕಾಲೇಜೂ ‘ಪಢನಾ’. ಖಾಜಿ ಸಾಹೇಬರು ನಿಕಾಹ್ ಮಾಡಿಸುವುದಕ್ಕೆ ‘ನಿಕಾಹ್ ಪಢಾನಾ’. ಕನ್ನಡದ ನೆರೆಯವರಿಗೆ ಹೇಳುವಾಗ ಅಮ್ಮ ಅದನ್ನು ‘ನಿಕಾಹ್ ಓದಿಸಿದರು’ ಎಂದೇ ಹೇಳುವುದು. ಅಲ್ಲಿಗೆ ನಮ್ಮ ಮದುವೆಯಲ್ಲಿ ಮದುವೆಯನ್ನೇ ಓದಿಸುತ್ತೇವೆ, ನಿಮ್ಮಲ್ಲಿ ದುಡ್ಡನ್ನು.

ಖುರ್‌ಆನ್ ಎಂಬ ಹೆಸರಿಗೂ ಅರಬ್ಬಿಯಲ್ಲಿ ಪಠಣ, ಓದು ಎಂದೇ ಅರ್ಥ. ನನ್ನ ಜೊತೆ ಕೆಲಸ ಮಾಡುವ ಕೇರಳದ ನರ್ಸ್ ಹೇಳಿದ ಮಾತು ಇನ್ನೂ ಚೆನ್ನಾಗಿದೆ. ಅವರ ಕಡೆ ಮಾಪಿಳ್ಳೆ ಮಕ್ಕಳು ಖುರ್‌ಆನ್ ಕಲಿಯುತ್ತಿದ್ದ ಹಳೆಯ ಶಾಲೆಗೆ ‘ಓತ್ತುಪಳ್ಳಿ’ ಎಂದು ಹೆಸರಂತೆ. ಅದೇ ಊರಿನಲ್ಲಿ ನಂಬೂದಿರಿಗಳು ವೇದ ಹೇಳುವುದಕ್ಕೂ ‘ಓತ್ತು’ ಎನ್ನುತ್ತಾರಂತೆ. ನಿಮ್ಮ ‘ಓದು’ ಅದರ ಅಕ್ಕನೋ ತಂಗಿಯೋ ಇರಬೇಕಲ್ಲ, ಮೇಷ್ಟ್ರೇ?

ಗೌರಿಬಿದನೂರಿನ ಮೇಷ್ಟ್ರು

ಒಡಹುಟ್ಟಿದ್ದೇ, ತಾಯಿ. ತಾವು ಹೇಳಿದ ‘ಪಢನಾ’ ಸಂಸ್ಕೃತದ ಪಠ್ ಧಾತುವಿನದು. ಅದರ ಮೊದಲ ಅರ್ಥವೂ ಗಟ್ಟಿಯಾಗಿ ಹೇಳು ಎಂದೇ. ನಮ್ಮ ‘ಪಾಠ’ ಬಂದದ್ದು ಅಲ್ಲಿಂದ. ವೇದ ಹೇಳುವ ಕ್ರಮಗಳಿಗೆ ಪದಪಾಠ, ಕ್ರಮಪಾಠ, ಜಟಾಪಾಠ, ಘನಪಾಠ ಎಂದು ಹೆಸರಿದೆಯಲ್ಲ, ಅಲ್ಲೆಲ್ಲ ಪಾಠ ಎಂದರೆ ಪುಸ್ತಕದ ಅಧ್ಯಾಯವಲ್ಲ, ಹೇಳುವ ರೀತಿ. ‘ಬಾಯಿಪಾಠ’ದಲ್ಲಿ ಬಾಯಿ ಎರಡು ಸಲ ಬಂದಿದೆ ಎಂದರೂ ತಪ್ಪಿಲ್ಲ. ‘ವಾಚನ’ವೂ ಹಾಗೆಯೇ, ಮಾತಾಡು ಎಂಬ ವಚ್ ಧಾತುವಿನದು. ಊರೂರಿನ ವಾಚನಾಲಯಗಳ ಗೋಡೆಯ ಮೇಲೆ ‘ಮೌನವಾಗಿರಿ’ ಎಂದು ಬರೆದಿರುವುದನ್ನು ಕಂಡಾಗಲೆಲ್ಲ ನನಗೆ ಒಳಗೊಳಗೇ ನಗು. ಹೆಸರು ಮಾತಿನ ಮನೆ, ಕಟ್ಟಳೆ ಬಾಯಿ ಮುಚ್ಚುವುದು.

ಶ್ರೀನಿವಾಸಪುರದ ಮಾವು

ನಮ್ಮ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ನಾವು ಲಾಂದ್ರದ ಸುತ್ತ ಕೂತರೆ ಅವರು ಒಳಗೆ ಮುದ್ದೆ ತೊಳಸುತ್ತಲೇ ನಮ್ಮನ್ನು ಕಾಯುತ್ತಿದ್ದರು. ಶಬ್ದ ನಿಂತ ಕೂಡಲೇ ಅಡುಗೆಮನೆಯಿಂದ ಕೂಗು ಬರುತ್ತಿತ್ತು: ‘ಬಾಯಿ ಬಿಟ್ಟು ಓದು!’ ‘ಮನಸ್ಸಿನಲ್ಲೇ ಓದುತ್ತಿದ್ದೇನಮ್ಮ’ ಎಂದರೆ, ‘ಮನಸ್ಸಿನಲ್ಲಿ ಓದಿದ್ದು ನನಗೇನು ಗೊತ್ತಾಗಬೇಕು?’ ಎನ್ನುತ್ತಿದ್ದರು. ತಮ್ಮ ಜಾಣ. ಯಾವುದೋ ಒಂದು ಪದ್ಯವನ್ನು ತಿರುಗಿಸಿ ಮುರುಗಿಸಿ ಹೇಳುತ್ತಾ ಕೈಯಲ್ಲಿ ಬುಗುರಿಗೆ ಹಗ್ಗ ಸುತ್ತುತ್ತಿದ್ದ. ಮೇಷ್ಟ್ರ ಗಿಳಿಯ ಮಾತು ಕೇಳಿದಾಗ ಅವನೇ ನೆನಪಾದ.

ಪಾವಗಡದ ಬಿಸಿಲು

ಬಾಯಿಯ ಓದಿಗೆ ನನ್ನದೂ ಒಂದು ಸಾಕ್ಷಿ. ಮಳೆ ಕೈಕೊಟ್ಟ ವರ್ಷ ನಮ್ಮೂರಿನಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಪಾವಗಡದಲ್ಲಿ ಮಳೆ ಕೈಕೊಡದ ವರ್ಷ ಯಾವುದು ಎಂದು ಕೇಳಬೇಡಿ. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ‘ಈ ಸಲ ಭಾರತ ಓದಿಸೋಣ’ ಎಂದು ತೀರ್ಮಾನ ಮಾಡುತ್ತಿದ್ದದ್ದು ಕಟ್ಟೆಯ ಮೇಲೆ ಕೂತ ರೈತರು. ಅವರಲ್ಲಿ ಪುಸ್ತಕ ಮುಟ್ಟುವವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಓದುವವರು ಬೇರೆ, ಓದಿಸುವವರು ಬೇರೆ.

ಗೂಳೂರು ಗ್ಯಾರೇಜ್

ಪಾವಗಡದವರ ಕೊನೆಯ ಸಾಲನ್ನು ಹಿಡಿದು ಒಂದು ಮಾತು. ನಾನು ಹೆಚ್ಚು ಓದಿದವನಲ್ಲ, ಕೆಲಸ ಕಲಿತವನು. ಗ್ಯಾರೇಜಿನಲ್ಲಿ ಯಾರೂ ‘ಎಂಜಿನ್ ಬಿಚ್ಚುವುದನ್ನು ಓದಿದೆ’ ಎನ್ನುವುದಿಲ್ಲ. ಈಜು, ಸೈಕಲ್, ಅಡುಗೆ, ಕಳ್ಳತನ, ಎಲ್ಲವೂ ಕಲಿಯುವುದೇ. ಪುಸ್ತಕದ್ದು ಮಾತ್ರ ಓದುವುದು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು.

ಆದರೆ ‘-ಇಸು’ ಹಚ್ಚಿ ನೋಡಿ. ನನಗೆ ಕೆಲಸ ಕಲಿಸಿದವರು ಯಾರು ಎಂದರೆ ನಮ್ಮ ಮೇಸ್ತ್ರಿ. ಅವರೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟವರು, ಸ್ಪ್ಯಾನರ್‌ನಿಂದ ಮೊಟಕಿದವರು. ‘ನಿಮ್ಮನ್ನು ಓದಿಸಿದವರು ಯಾರು?’ ಎಂದು ಕೇಳಿದರೆ ಯಾರಾದರೂ ಮೇಷ್ಟ್ರ ಹೆಸರು ಹೇಳುತ್ತಾರೆಯೇ? ಅಪ್ಪ ಓದಿಸಿದರು, ಅಣ್ಣ ಓದಿಸಿದ, ಸೋದರಮಾವ ಮನೆಯಲ್ಲಿಟ್ಟುಕೊಂಡು ಓದಿಸಿದರು. ಕಲಿಸುವವನು ವಿದ್ಯೆ ಕೊಡುತ್ತಾನೆ, ಓದಿಸುವವನು ದುಡ್ಡು ಕೊಡುತ್ತಾನೆ. ಮಗಳನ್ನು ಓದಿಸಿದ ಅಪ್ಪನಿಗೆ ಸಹಿ ಹಾಕಲೂ ಬಾರದಿರಬಹುದು. ಭಾರತ ಓದಿಸಿದ ರೈತರೂ ಅಂಥವರೇ. ಮದುವೆಯಲ್ಲಿ ಓದಿಸುವವನೂ ಬಾಯಿ ತೆರೆಯುವುದಿಲ್ಲ, ಜೇಬಿಗೆ ಕೈ ಹಾಕುತ್ತಾನೆ. ಕೂಗುವವನು ಬೇರೆ.

ಹುಣಸೆಯಣ್ಣ, ನಿಮ್ಮ ಮಗಳಿಗೆ ಹೀಗೆ ಹೇಳಿ: ನಿನ್ನನ್ನೂ ನಿನ್ನ ಮಾಮನನ್ನೂ ಅಪ್ಪ ಓದಿಸುವುದು ಒಂದೇ ಜೇಬಿನಿಂದ.

ಚಿಂತಾಮಣಿ ಬೀದಿ

ಗ್ಯಾರೇಜ್ ಅಣ್ಣನ ಮಾತಿಗೆ ಉರ್ದು ಕೂಡ ತಲೆದೂಗುತ್ತದೆ. ‘ಅಬ್ಬಾ ನೇ ಪಢಾಯಾ’ ಎಂದರೆ ಅಪ್ಪ ಫೀಸು ಕಟ್ಟಿದರು ಎಂದೇ. ಆದರೆ ನಮ್ಮಲ್ಲಿ ಟೀಚರ್ ಮಾಡುವುದೂ ‘ಪಢಾನಾ’. ಕನ್ನಡದಲ್ಲಿ ಟೀಚರ್ ‘ಪಾಠ ಮಾಡುತ್ತಾರೆ’. ಈ ವಿಷಯದಲ್ಲಿ ಕನ್ನಡದ ಲೆಕ್ಕ ಚೊಕ್ಕ.

ಕೊರಟಗೆರೆ ಕಲ್ಲು

ಎಲ್ಲರೂ ಬಾಯಿ ಬಾಯಿ ಎನ್ನುತ್ತಾ ಸ್ವಲ್ಪ ಮುಂದೆ ಹೋಗಿಬಿಟ್ಟಿರಿ. ಕವಿರಾಜಮಾರ್ಗದ ‘ಕುರಿತೋದದೆಯುಂ’ ನೆನಪಿದೆಯೇ? ಕನ್ನಡ ನಾಡಿನ ಜನ ಕುರಿತು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತಮತಿಗಳು ಎನ್ನುತ್ತದೆ. ಅದು ಸುಮಾರು 850ರ ಕೃತಿ. ಅಲ್ಲಿನ ಓದು ಗಿಳಿಯ ಒಪ್ಪಿಸುವಿಕೆಯಲ್ಲ, ಅಭ್ಯಾಸ, ವ್ಯಾಸಂಗ. ಬಸವಣ್ಣನವರಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಆ ಅರ್ಥ ಬಲಿತಿತ್ತು. ಹಳೆಯ ಮುಖ, ಹೊಸ ಮುಖ ಎಂದು ಮೇಷ್ಟ್ರು ಗೆರೆ ಎಳೆದದ್ದು ಸರಿಯಲ್ಲ.

ಗೌರಿಬಿದನೂರಿನ ಮೇಷ್ಟ್ರು

ಒಪ್ಪಿದೆ. ‘ಹಳೆಯ ಮುಖ’ ಎಂದದ್ದು ನನ್ನ ಅವಸರ. ಹೇಳುವುದು, ಅಭ್ಯಾಸ ಮಾಡುವುದು ಎರಡೂ ಆಗಲೇ ಜೊತೆಯಾಗಿದ್ದವು. ಬೇರೆ ಮಾಡುವುದಕ್ಕೆ ಕಾರಣವೂ ಇರಲಿಲ್ಲ. ಅಭ್ಯಾಸ ಎಂದರೆ ಗುರುವಿನ ಎದುರು ಕೂತು ಬಾಯಲ್ಲಿ ಹೇಳುವುದೇ ಆಗಿತ್ತು. ನಮ್ಮ ತಾತ ಹೋಗುತ್ತಿದ್ದ ಕೂಲಿಮಠದಲ್ಲಿ ಪುಸ್ತಕವೇ ಇರಲಿಲ್ಲವಂತೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಐಗಳು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಹೇಳುವುದು. ಸಾಲ ಮಾಡಿದ್ದಾದರೂ ಮರೆತುಹೋಗುತ್ತಿತ್ತು, ಕಾಲು ಅರೆ ಮುಕ್ಕಾಲಿನ ಮಗ್ಗಿ ಮಾತ್ರ ಕೊನೆಯವರೆಗೆ ತಾತನ ನಾಲಗೆಯ ಮೇಲಿತ್ತು.

ಕೊರಟಗೆರೆ ಕಲ್ಲು

ಕೂಲಿಮಠದ ಮಾತು ಬಂದದ್ದರಿಂದ ಇನ್ನೊಂದು. ಉಪಾಧ್ಯಾಯ ಎಂಬ ಪದ ಪ್ರಾಕೃತದಲ್ಲಿ ಉವಜ್ಝಾಯ ಆಯಿತು. ಮಂದರಗಿರಿಯ ಬಸದಿಗೆ ಹೋದಾಗ ಣಮೋಕಾರ ಮಂತ್ರ ಕೇಳಿ: ‘ಣಮೋ ಉವಜ್ಝಾಯಾಣಂ’ ಎಂದು ಬರುತ್ತದೆ. ಅದೇ ಸವೆದು ಹಳಗನ್ನಡದಲ್ಲಿ ಓಜ ಆಯಿತು, ಉತ್ತರದಲ್ಲಿ ಓಝಾ ಆಯಿತು. ಶಿಲ್ಪಿಗಳ ಹೆಸರಿನ ಬಾಲದಲ್ಲಿರುವ ಓಜ ಅದೇ. ಬೇಲೂರಿನಲ್ಲಿ ಕೆತ್ತಿದ ಬಳ್ಳಿಗಾವೆಯ ದಾಸೋಜ ಎಂದರೆ ದಾಸ ಮೇಷ್ಟ್ರು ಎಂದ ಹಾಗೆ. ಓದಿಗೂ ಓಜನಿಗೂ ನಂಟಿಲ್ಲ, ಮೊದಲಕ್ಷರ ಮಾತ್ರ ಒಂದು. ಉಳಿ ಹಿಡಿದು ಕಲಿಸುವವನೂ ನಮ್ಮ ಹಿರಿಯರಿಗೆ ಉಪಾಧ್ಯಾಯನೇ ಆಗಿದ್ದ ಎಂಬುದಕ್ಕಾಗಿ ಹೇಳಿದೆ. ಗ್ಯಾರೇಜಿನವರೇ, ನಿಮ್ಮ ಗೂಳೂರಿನ ಪಕ್ಕದ ಕೈದಾಳದಲ್ಲಿ ಜಕಣಾಚಾರಿಯ ಕಥೆ ಇನ್ನೂ ಹೇಳುತ್ತಾರಲ್ಲ. ನಿಮ್ಮ ಮೇಸ್ತ್ರಿಯನ್ನು ಓಜ ಎಂದು ಕರೆದರೆ ತಪ್ಪಾಗದು.

ಗೂಳೂರು ಗ್ಯಾರೇಜ್

ಕರೆದು ನೋಡಿದೆ. ‘ಏನೋ ಬೈಯುತ್ತಿದ್ದೀಯ?’ ಎಂದರು.

ತುರುವೇಕೆರೆ ತೆಂಗು

ಹಾಗಾದರೆ ಕಣ್ಣಿನ ಓದಿಗೆ ನಮ್ಮಲ್ಲಿ ಪದವೇ ಇಲ್ಲವೇ?

ಶ್ರೀನಿವಾಸಪುರದ ಮಾವು

ಇದೆ, ‘ನೋಡು’. ‘ಇವತ್ತಿನ ಪೇಪರ್ ನೋಡಿದೆಯಾ?’ ಎಂದೇ ನಮ್ಮ ಅಪ್ಪ ಕೇಳುತ್ತಿದ್ದದ್ದು. ಹೋಟೆಲಿನಲ್ಲಿ ಒಬ್ಬರು ಗಟ್ಟಿಯಾಗಿ ಹೇಳಿ ಹತ್ತು ಜನ ಕೇಳಿದರೆ ಮಾತ್ರ ‘ಪೇಪರ್ ಓದುತ್ತಿದ್ದಾರೆ’. ಪರೀಕ್ಷೆಯ ಬೆಳಗ್ಗೆ ಪುಟ ತಿರುವುವುದಕ್ಕೂ ‘ಒಂದು ಸಲ ನೋಡಿಕೊಳ್ಳುತ್ತೇನೆ’ ಎನ್ನುತ್ತೇವೆ.

ದೇವರಾಯನದುರ್ಗ

ವದ್ ವಿಷಯದಲ್ಲಿ ನಾನು ಸೋತೆ ಎಂದು ಬರೆಯಲು ಬಂದೆ. ಆದರೆ ಒಂದು ಗಾದೆ ಬಿಟ್ಟು ಹೋಗುತ್ತೇನೆ: ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಯಾರನ್ನು ಕುರಿತು ಎಂದು ಕೇಳಬೇಡಿ.

ಗೌರಿಬಿದನೂರಿನ ಮೇಷ್ಟ್ರು

‘ಓದಿ ಓದಿ ಮರುಳಾದ ಕೂಚಂಭಟ್ಟ’ ನನಗಾಗಿ ಇರಲಿ, ಒಕ್ಕಾಲು ತಮಗಿರಲಿ.

ಮುಳಬಾಗಿಲ ಹುಣಸೆ

ಎಲ್ಲರಿಗೂ ನಮಸ್ಕಾರ. ಮಾವು ಅಕ್ಕ ಹೇಳಿದ ಲೆಕ್ಕದ ಪುಸ್ತಕದ ವಿಷಯವನ್ನು ಅಮ್ಮನಿಗೆ ಹೇಳಿದೆ. ಒಳಗೆ ಹೋಗಿ ಟ್ರಂಕಿನ ತಳದಿಂದ ತಮ್ಮ ಮದುವೆಯದನ್ನೇ ತಂದರು. 1978ರದ್ದು. ಮೇಲಿನ ರಟ್ಟಿಗೆ ಅರಿಶಿನದ ಬೊಟ್ಟು, ಒಳಗೆ ಮೊದಲ ಪುಟದಲ್ಲಿ ‘ಶ್ರೀ’, ಅದರ ಕೆಳಗೆ ‘ಮುಯ್ಯಿ ಓದಿಸಿದವರ ಪಟ್ಟಿ’. ಎಡಗಡೆ ಊರು, ನಡುವೆ ಹೆಸರು, ಬಲಗಡೆ ಎರಡು ರೂಪಾಯಿ, ಐದು ರೂಪಾಯಿ, ಸ್ಟೀಲ್ ಲೋಟ ಎರಡು, ರವಿಕೆ ಕಣ ಒಂದು. ಕೆಲವು ಹೆಸರುಗಳ ಮೇಲೆ ಪೆನ್ಸಿಲ್ ಗೀಟು. ಅದೇನೆಂದು ಕೇಳಿದೆ. ಆ ಮನೆಯ ಮದುವೆಗೆ ನಾವು ತಿರುಗಿ ಓದಿಸಿದ ಮೇಲೆ ಅಪ್ಪ ಗೀಟು ಹಾಕುತ್ತಿದ್ದರಂತೆ.

ಮಗಳಿಗೆ ಗ್ಯಾರೇಜ್ ಅಣ್ಣನ ಉತ್ತರ ಹೇಳಿದೆ. ತೃಪ್ತಿಯಾಗಲಿಲ್ಲ. ‘ಹಾಗಾದರೆ ಕೂಗುವವರು ಎಲ್ಲಿ?’ ಎಂದು ಕೇಳಿ, ಪುಸ್ತಕ ಕಿತ್ತುಕೊಂಡು ತಾನೇ ಕುರ್ಚಿ ಹತ್ತಿದಳು. ಒಂದೊಂದು ಹೆಸರನ್ನೂ ಕೂಗಿ ಓದಿದಳು. ಮೋಡಿ ಅಕ್ಷರ ಅರ್ಥವಾಗದ ಕಡೆ ಅಮ್ಮನೇ ನೆನಪಿನಿಂದ ಹೇಳಿಕೊಟ್ಟರು. ಪ್ರತಿ ಹೆಸರಿಗೂ ಒಂದೊಂದು ಮಾತು: ಇವರು ಹೋಗಿಬಿಟ್ಟರು, ಇವರು ಬಂಗಾರಪೇಟೆಗೆ ಹೋದರು, ಇವರು ಮಾತು ಬಿಟ್ಟಿದ್ದಾರೆ. ಮೂರನೇ ಪುಟದಲ್ಲಿ ‘ನಂಗಲಿ, ಹಿತ್ತಾಳೆ ಚೊಂಬು ಒಂದು’ ಎಂದು ಅವಳು ಕೂಗಿದಾಗ ಅಮ್ಮ ‘ತಾಳು’ ಎಂದು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆ ಹೆಸರಿನ ಮೇಲೆ ಗೀಟು ಇರಲಿಲ್ಲ.

ಅವರ ಮೊಮ್ಮಗಳ ಮದುವೆ ಮುಂದಿನ ತಿಂಗಳು. ಇಷ್ಟು ದಪ್ಪದ ಹಿತ್ತಾಳೆ ಚೊಂಬು ಕೋಲಾರದಲ್ಲಿ ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತೇ?